ಥೆರಪಿಯಲ್ಲಿ ಜಾತಿ, ರಾಜಕೀಯದ ಮಾತು ಬಂದರೆ ಅದನ್ನೂ ಬಾಲ್ಯಕ್ಕೇ ಕಟ್ಟಬೇಕಾ?

ಬಾಡಿಗೆಮನೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದದ ಪ್ರಶ್ನೆ, ಬೇಜಾರು ಮಾಡ್ಕೋಬೇಡಿ.

ನನ್ನ ಊರು ರಾಯಚೂರು ಕಡೆ, ಕೆಲಸ ಬೆಂಗಳೂರಿನಲ್ಲಿ. ಕೆಲವು ತಿಂಗಳಿಂದ ಒಬ್ಬ ಥೆರಪಿಸ್ಟ್ ಹತ್ತಿರ ಹೋಗುತ್ತಿದ್ದೇನೆ. ಅವರದು ಮನೋವಿಶ್ಲೇಷಣೆಯ ದಾರಿ, ಅಂದರೆ ಅದನ್ನು ಶುರು ಮಾಡಿದ ವಿಯೆನ್ನಾದ ವೈದ್ಯ ಫ್ರಾಯ್ಡ್ ಕಡೆಯವರು. ಹೋಮ್‌ವರ್ಕ್ ಕೊಡುವುದಿಲ್ಲ, ಸಲಹೆಯೂ ಕೊಡುವುದಿಲ್ಲ. ಮನಸ್ಸಿಗೆ ಬಂದದ್ದನ್ನೆಲ್ಲ ಹೇಳಿ ಎನ್ನುತ್ತಾರೆ. ನನಗೆ ಉಪಯೋಗ ಆಗಿದೆ, ಸುಳ್ಳು ಹೇಳಲ್ಲ.

ಈಚೆಗೆ ಮನೆ ಹುಡುಕುತ್ತಿದ್ದೆ. ಒಂದು ಮನೆ ಇಷ್ಟ ಆಯಿತು, ಅಡ್ವಾನ್ಸ್ ಮಾತೂ ಮುಗಿಯಿತು. ಹೊರಡುವಾಗ ಮಾಲೀಕರು ಬಾಗಿಲ ಹತ್ತಿರ ನಿಂತು 'ವೆಜ್ಜಾ?' ಎಂದರು. ಆಮೇಲೆ ಊರು. ಆಮೇಲೆ ಅಪ್ಪನ ಪೂರ್ತಿ ಹೆಸರು. ಆಮೇಲೆ 'ನೀವು ಯಾವ ಪೈಕಿ?' ಹೇಳಿದೆ. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ, ನಗುನಗುತ್ತಲೇ ಕಳಿಸಿದರು. ರಾತ್ರಿ ವಾಟ್ಸ್ಯಾಪ್ ಬಂತು: 'ಸಾರಿ, ನಮ್ಮ ರಿಲೇಟಿವ್ಸೇ ಬರ್ತಿದ್ದಾರೆ.' ಆ ಮನೆಯ ಜಾಹೀರಾತು ಆಪ್‌ನಲ್ಲಿ ಇನ್ನೂ ಹಾಗೇ ಇದೆ.

ಇದನ್ನು ಸೆಷನ್‌ನಲ್ಲಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಮಾಲೀಕರ ಮುಂದೆ ನಿಂತಾಗ ಅಪ್ಪನ ಮುಂದೆ ನಿಂತ ಹಾಗೆ ಅನಿಸಿತಾ?' ಎಂದು ಕೇಳಿದರು. ನಮ್ಮಪ್ಪ ಸಿಟ್ಟಿನ ಮನುಷ್ಯ, ಅದು ನಿಜ. ನಾನೂ ಹ್ಞೂಂ ಎಂದು ಅಪ್ಪನ ವಿಷಯ ಮಾತಾಡುತ್ತಾ ಹೋದೆ. ಮೆಟ್ಟಿಲು ಇಳಿಯುವಾಗ ಹೊಳೆಯಿತು, ಆ ಮಾಲೀಕನ ಮಾತೇ ಮತ್ತೆ ಬರಲಿಲ್ಲ. ಮನೆ ಇಲ್ಲ ಎಂದವನು ಅವನು, ವಿಚಾರಣೆ ನಡೆದದ್ದು ನಮ್ಮಪ್ಪನದು.

ಈ ಪದ್ಧತಿಯೇ ಹೀಗಾ? ಅಥವಾ ಇವರೊಬ್ಬರು ಮಾತ್ರ ಹೀಗಾ? ಓದಿಕೊಂಡವರು ಇದ್ದರೆ ಹೇಳಿ.

ನೇರಮಾತು

ಥೆರಪಿಸ್ಟ್ ಬದಲಾಯಿಸಿ, ಅಷ್ಟೇ.

ಆದರೆ ಉಲ್ಟಾ ಅನುಭವವೂ ಕೇಳಿ. ನಾನು ಹೋಗುತ್ತಿದ್ದವರು ಎಲೆಕ್ಷನ್ ಸಮಯದಲ್ಲಿ ಸೆಷನ್ ಮಧ್ಯೆ ತಮ್ಮ ಅಭಿಪ್ರಾಯ ಶುರು ಮಾಡಿದರು. ನಾನು ನಿದ್ದೆ ಬರಲ್ಲ ಅಂತ ಹೋದವನು. ನನ್ನ ವೋಟು ಅವರಿಗೆ ಎದುರಿನದು. ಅವತ್ತಿನಿಂದ ಬಾಯಿ ಬಿಡುವ ಮೊದಲು 'ಇವರಿಗೆ ಏನನಿಸುತ್ತೋ' ಎಂದು ಲೆಕ್ಕ ಹಾಕತೊಡಗಿದೆ. ಬಾಯಿ ಮುಚ್ಚಿಕೊಂಡು ಕೂರುವುದಕ್ಕೆ ಆಫೀಸಿನಲ್ಲಾದರೂ ಸಂಬಳ ಕೊಡುತ್ತಾರೆ. ಬಿಟ್ಟುಬಿಟ್ಟೆ. ಥೆರಪಿಯಲ್ಲಿ ರಾಜಕೀಯ ಬೇಡವೇ ಬೇಡ ಎನ್ನುವವನು ನಾನು.

ಮೈಸೂರು_ಸೀಮೆ

ನಾನು ಕೌನ್ಸೆಲರ್, ಮನೋವಿಶ್ಲೇಷಣೆಯ ದಾರಿಯಲ್ಲೇ ಕಲಿತವಳು.

ನೇರಮಾತು ಅವರೇ, ನಿಮಗೆ ಆದಂಥದ್ದು ಆಗಬಾರದು ಅಂತಲೇ ನಮಗೆ ತಟಸ್ಥರಾಗಿರಿ ಎಂದು ಕಲಿಸುವುದು. 1912ರಲ್ಲಿ ಫ್ರಾಯ್ಡ್ ವೈದ್ಯರಿಗೆ ಬರೆದ ಸಲಹೆಗಳಲ್ಲಿ ಒಂದು ಮಾತಿದೆ. ವೈದ್ಯ ಕನ್ನಡಿಯ ಹಾಗಿರಬೇಕು, ಎದುರು ಬಂದದ್ದನ್ನಷ್ಟೇ ತೋರಿಸಬೇಕು ಅಂತ. ಅವರೇ ಅದನ್ನು ಪಾಲಿಸಲಿಲ್ಲ, ಅದು ಬೇರೆ ಮಾತು. ಹಸಿದು ಬಂದ ರೋಗಿಗೆ ಊಟ ಹಾಕಿಸಿದ್ದನ್ನು ತಮ್ಮ ಟಿಪ್ಪಣಿಯಲ್ಲಿ ಅವರೇ ಬರೆದುಕೊಂಡಿದ್ದಾರೆ. ರೋಗಿಗಳು ಮಂಚದ ಮೇಲೆ ಮಲಗಿ ಮಾತಾಡುತ್ತಿದ್ದ ಕೋಣೆ ತುಂಬ ಹಳೇ ಕಾಲದ ವಿಗ್ರಹಗಳು. ಕನ್ನಡಿಯ ಕೋಣೆ ಅಷ್ಟು ಮಾತಾಡುತ್ತದಾ?

ಆದರೂ ಆ ಸಲಹೆಗೆ ಅರ್ಥ ಇದೆ. ಥೆರಪಿಸ್ಟ್‌ಗೆ ಇಷ್ಟ ಆಗುವ ಹಾಗೆ ಮಾತಾಡಬೇಕು ಎಂಬ ಭಾರ ಬಂದವರ ಮೇಲೆ ಬೀಳಬಾರದು. ತೊಂದರೆ ಏನೆಂದರೆ, ಕನ್ನಡಿ ಆಗಲು ಹೊರಟವರಿಗೂ ಒಂದು ಮನೆ, ಒಂದು ಬೀದಿ, ಒಂದು ಸರ್‌ನೇಮ್ ಇರುತ್ತದೆ. ಅದು ಇಲ್ಲವೇ ಇಲ್ಲ ಎಂಬಂತೆ ಕೂತರೆ ಎದುರಿನವರಿಗೆ ಗೊತ್ತಾಗದೆ ಇರುತ್ತದಾ?

ಬಾಡಿಗೆಮನೆ ಅವರೇ, ನಿಮ್ಮ ಥೆರಪಿಸ್ಟ್ ಕೇಳಿದ ಪ್ರಶ್ನೆ ಸುಳ್ಳು ಪ್ರಶ್ನೆಯೇನಲ್ಲ. ಅಲ್ಲಿಗೇ ನಿಂತದ್ದು ತಪ್ಪು. ರಾತ್ರಿ ಇನ್ನೊಂದಿಷ್ಟು ಬರೆಯುತ್ತೇನೆ, ಈಗ ಕ್ಲೈಂಟ್ ಬರುವ ಹೊತ್ತು.

ಹಳೇಪೇಪರ್

ಒಳ್ಳೇ ಚರ್ಚೆ. ನಾನು ಥೆರಪಿಯವನಲ್ಲ, ಇತಿಹಾಸದ ಹುಚ್ಚು.

'ಮನೋವಿಶ್ಲೇಷಣೆಗೂ ರಾಜಕೀಯಕ್ಕೂ ಸಂಬಂಧವಿಲ್ಲ' ಎಂಬುದು ನಂತರ ಹುಟ್ಟಿದ ಮಾತು. 1918ರಲ್ಲಿ, ಮೊದಲ ಮಹಾಯುದ್ಧ ಇನ್ನೂ ಮುಗಿಯದಿದ್ದಾಗ, ಬುಡಾಪೆಸ್ಟ್‌ನ ಸಮ್ಮೇಳನದಲ್ಲಿ ಫ್ರಾಯ್ಡ್ ಒಂದು ಭಾಷಣ ಮಾಡಿದರು. ಬಡವನಿಗೆ ಆಪರೇಷನ್ ಸಿಗುವ ಹಾಗೆ ಮನಸ್ಸಿನ ಚಿಕಿತ್ಸೆಯೂ ಸಿಗಬೇಕು, ಉಚಿತವಾಗಿ ಸಿಗಬೇಕು ಎಂಬುದು ಅದರ ಸಾರ. ಬರೀ ಭಾಷಣ ಆಗಲಿಲ್ಲ. 1920ರಲ್ಲಿ ಬರ್ಲಿನ್‌ನಲ್ಲಿ ಮ್ಯಾಕ್ಸ್ ಐಟಿಂಗನ್ ಮತ್ತು ಅರ್ನ್‌ಸ್ಟ್ ಸಿಮ್ಮೆಲ್ ಎಂಬ ವಿಶ್ಲೇಷಕರು ಪಾಲಿಕ್ಲಿನಿಕ್ ಎಂಬ ಚಿಕಿತ್ಸಾಲಯ ತೆರೆದರು. ಅದರ ಒಳಾಂಗಣ ವಿನ್ಯಾಸ ಫ್ರಾಯ್ಡ್ ಮಗ ಅರ್ನ್‌ಸ್ಟ್ ಅವರದು. ಬಂದವರು ಕೈಲಾದಷ್ಟು ಕೊಡುತ್ತಿದ್ದರು, ಇಲ್ಲದಿದ್ದರೆ ಇಲ್ಲ. 1922ರಲ್ಲಿ ವಿಯೆನ್ನಾದಲ್ಲೂ ಅಂಥದ್ದೇ ಶುರುವಾಯಿತು. ವಿಲ್‌ಹೆಲ್ಮ್ ರೈಕ್ ಎಂಬ ವಿಶ್ಲೇಷಕ ಅಲ್ಲೇ ಕೆಲಸ ಮಾಡಿ, ಆಮೇಲೆ ಕಾರ್ಮಿಕರ ಬಡಾವಣೆಗಳಿಗೇ ಹೋಗಿ ಲೈಂಗಿಕ ಸಲಹಾ ಕೇಂದ್ರ ನಡೆಸಿದರು.

1933ರಲ್ಲಿ ಹಿಟ್ಲರ್ ಬಂದ. ಈಗ ನೋಡಿ 'ತಟಸ್ಥ' ಏನಾಯಿತು ಅಂತ. ರೈಕ್ ಸಂಘಕ್ಕೆ ತಲೆನೋವಾದರು, 1934ರಲ್ಲಿ ಮನೋವಿಶ್ಲೇಷಕರ ಅಂತರರಾಷ್ಟ್ರೀಯ ಸಂಘದಿಂದ ಹೊರಗೆ. 1935ರಲ್ಲಿ ಜರ್ಮನ್ ಸಂಘ ಉಳಿಯಲಿ ಎಂದು ಅದರ ಯಹೂದಿ ಸದಸ್ಯರಿಂದಲೇ ರಾಜೀನಾಮೆ ಕೊಡಿಸಿದರು. ರಾಜಕೀಯದಲ್ಲಿ ಸಕ್ರಿಯರಾದವರಿಗೆ ಚಿಕಿತ್ಸೆ ಕೊಡಬಾರದು ಎಂಬ ಕಟ್ಟಳೆಯೂ ಬಂತು. ಎಡಿತ್ ಜೇಕಬ್‌ಸನ್ ಎಂಬ ವಿಶ್ಲೇಷಕಿ ಹಿಟ್ಲರ್ ವಿರುದ್ಧ ಗುಟ್ಟಾಗಿ ಕೆಲಸ ಮಾಡುತ್ತಿದ್ದ ಗುಂಪಿನಲ್ಲಿದ್ದರು. ಅಂಥ ರೋಗಿಗಳನ್ನೂ ನೋಡುತ್ತಿದ್ದರು. 1935ರಲ್ಲಿ ಹಿಟ್ಲರ್‌ನ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಅವರನ್ನು ಹಿಡಿದು ಜೈಲಿಗೆ ಹಾಕಿತು. ಮರುವರ್ಷ ಪಾಲಿಕ್ಲಿನಿಕ್‌ನ ಅದೇ ಜಾಗದಲ್ಲಿ ಹೊಸ ಸಂಸ್ಥೆ. ಅದರ ಮುಖ್ಯಸ್ಥ ಮಥಿಯಾಸ್ ಗೋರಿಂಗ್, ಹಿಟ್ಲರ್‌ನ ಬಲಗೈ ಹರ್ಮನ್ ಗೋರಿಂಗ್‌ನ ದಾಯಾದಿ.

ರಾಜಕೀಯ ಬೇಡ ಎಂದು ಕೂತವರ ಕೋಣೆಗೆ ರಾಜಕೀಯವೇ ಬಂದು ಕುರ್ಚಿ ಎಳೆದುಕೊಂಡಿತು.

ನೇರಮಾತು

ಹಳೇಪೇಪರ್ ಸರ್, ಓದೋಕೆ ಚೆನ್ನಾಗಿದೆ. ಆದರೆ ಬರ್ಲಿನ್ ಕಥೆ ಇಟ್ಟುಕೊಂಡು ರಾಯಚೂರಿನವರು ಏನು ಮಾಡಬೇಕು? ನಮ್ಮಲ್ಲಿ ಇದಕ್ಕೆಲ್ಲ ಬೇರೇ ಇತಿಹಾಸ.

ಹಳೇಪೇಪರ್

ಬೇರೇ ಇತಿಹಾಸವೇ, ಆದರೆ ಹಳೆಯದು. ನಮ್ಮದೂ 1922.

ಕಲ್ಕತ್ತಾದಲ್ಲಿ ಗಿರೀಂದ್ರಶೇಖರ ಬೋಸ್ ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿದ್ದು ಆ ವರ್ಷ. ಫ್ರಾಯ್ಡ್ ಜೊತೆ ವರ್ಷಗಟ್ಟಲೆ ಕಾಗದ ಬರೆದುಕೊಂಡವರು. ಬರೀ ಶಿಷ್ಯನ ಕಾಗದಗಳಲ್ಲ. ನೀವು ಹೇಳುವ ಕೆಲವು ಭಯಗಳು ನನ್ನ ಭಾರತೀಯ ರೋಗಿಗಳಲ್ಲಿ ಅದೇ ರೂಪದಲ್ಲಿ ಕಾಣುವುದಿಲ್ಲ ಎಂದು ನೇರವಾಗಿ ಬರೆದರು. 1931ರಲ್ಲಿ ಫ್ರಾಯ್ಡ್‌ಗೆ 75 ತುಂಬಿದಾಗ ಕಲ್ಕತ್ತಾದಿಂದ ದಂತದ ವಿಷ್ಣುವಿನ ವಿಗ್ರಹ ಹೋಯಿತು. ಅದು ಅವರ ಮೇಜಿನ ಮೇಲೇ ಕೂತಿತ್ತು. ಮೈಸೂರು_ಸೀಮೆ ಮೇಡಂ ಹೇಳಿದ ವಿಗ್ರಹಗಳ ಸಾಲಿಗೆ ಇದನ್ನೂ ಸೇರಿಸಿ.

ಅದೇ ಸಂಘದಲ್ಲಿ ಬ್ರಿಟಿಷ್ ಸೇನೆಯ ಇಬ್ಬರು ಅಧಿಕಾರಿಗಳೂ ಇದ್ದರು. ಒಬ್ಬರು ಓವನ್ ಬರ್ಕ್ಲಿ ಹಿಲ್, ರಾಂಚಿಯ ಯುರೋಪಿಯನ್ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರು. 1921ರಲ್ಲಿ ಅವರು ಬರೆದ ಲೇಖನದ ಪ್ರಕಾರ ಹಿಂದೂಗಳ ಧರ್ಮ, ತತ್ವಶಾಸ್ತ್ರ, ಸ್ವಭಾವ ಎಲ್ಲಕ್ಕೂ ಬೇರು ಎಳೆಯ ಮಗುವಿನ ಮಲವಿಸರ್ಜನೆಯ ಅಭ್ಯಾಸದಲ್ಲಿದೆ! ಇನ್ನೊಬ್ಬರು ಕ್ಲಾಡ್ ಡೇಲಿ. ಅವರು 1930ರಲ್ಲಿ ಕ್ರಾಂತಿಕಾರಿಗಳ ಮನಸ್ಸನ್ನು ಇದೇ ಧಾಟಿಯಲ್ಲಿ ಬಿಡಿಸಿಟ್ಟರು. ಉಪ್ಪಿನ ಸತ್ಯಾಗ್ರಹ ನಡೆದ ವರ್ಷ ಅದು, ನೆನಪಿರಲಿ. ಆಳುವವನು ಆಳಿಸಿಕೊಳ್ಳುವವನ ಸಿಟ್ಟನ್ನು ತೊಟ್ಟಿಲಿಗೆ ಕಟ್ಟಿದರೆ ಎಷ್ಟು ಆರಾಮ ನೋಡಿ. ತೆರಿಗೆ, ಲಾಠಿ, ಜೈಲು ಯಾವುದರ ಮಾತೂ ಎತ್ತಬೇಕಿಲ್ಲ.

ಬಾಡಿಗೆಮನೆ ಅವರ ಥೆರಪಿಸ್ಟ್‌ಗೆ ಇಂಥ ಉದ್ದೇಶ ಇತ್ತು ಎನ್ನುತ್ತಿಲ್ಲ. ದಾರಿ ಮಾತ್ರ ಸವೆದ ದಾರಿ.

ಇನ್ನೊಂದು. ಬೋಸ್ ಸಂಘದ ಭಾರತೀಯರು ಬಹುಪಾಲು ಓದಿದ ಮೇಲ್ಜಾತಿಯ ಬಂಗಾಳಿಗಳು. ಬಿಳಿಯರ ಕಣ್ಣಿನ ಕಸ ಅವರಿಗೆ ಕಂಡಿತು. ಜಾತಿಯ ಪ್ರಶ್ನೆ ಅವರ ಮಂಚದ ಮೇಲೆ ಅಷ್ಟಾಗಿ ಮಲಗಲಿಲ್ಲ.

ಧಾರವಾಡ_ಪೇಡೆ

ಸೈಕಿಯಾಟ್ರಿ ಪಿಜಿ ಮಾಡುತ್ತಿದ್ದೇನೆ. ಫ್ರಾಂಟ್ಸ್ ಫನಾನ್ ಹೆಸರು ಇನ್ನೂ ಯಾರೂ ತೆಗೆದಿಲ್ಲವಲ್ಲ ಅಂತ ಬಂದೆ.

ಮಾರ್ಟಿನೀಕ್ ದ್ವೀಪದ ಕಪ್ಪು ವೈದ್ಯ. ಮನೋವಿಶ್ಲೇಷಕನ ಪಟ್ಟ ಇರಲಿಲ್ಲ, ಆದರೆ ಫ್ರಾಯ್ಡ್‌ನನ್ನು ಅರೆದು ಕುಡಿದವರು. 1953ರಲ್ಲಿ ಫ್ರೆಂಚರ ಕೈಯಲ್ಲಿದ್ದ ಅಲ್ಜೀರಿಯಾದ ಬ್ಲೀಡಾ ಆಸ್ಪತ್ರೆಗೆ ಬಂದರು. ಅವರ ಪಾಲಿಗೆ 165 ಯುರೋಪಿಯನ್ ಹೆಂಗಸರ ವಾರ್ಡು, 220 ಮುಸ್ಲಿಂ ಗಂಡಸರ ವಾರ್ಡು. ಎರಡಕ್ಕೂ ಒಂದೇ ಕಾರ್ಯಕ್ರಮ: ಸಭೆ, ಸಿನಿಮಾ, ವಾರ್ಡಿನದೇ ಪತ್ರಿಕೆ, ಕೈಕೆಲಸ. ಹೆಂಗಸರ ವಾರ್ಡಿಗೆ ಕೆಲವೇ ತಿಂಗಳಲ್ಲಿ ಜೀವ ಬಂತು. ಗಂಡಸರು ಕದಲಲಿಲ್ಲ. ಉಳಿದ ವೈದ್ಯರಾಗಿದ್ದರೆ 'ಇವರ ಮಿದುಳೇ ಇಷ್ಟು' ಎನ್ನುತ್ತಿದ್ದರು. ಆಗ ಅಲ್ಲಿ ಹಾಗೆ ಹೇಳುವ ಒಂದು ಪಂಥವೇ ಇತ್ತು. ಫನಾನ್ ಮತ್ತು ಅವರ ಜೊತೆಗಿದ್ದ ಕಿರಿಯ ವೈದ್ಯ ಅಝೂಲೆ ತಿರುಗಿ ಯೋಚಿಸಿದರು. ಇವರ ಬದುಕಿನಲ್ಲಿ ಗಂಡಸರು ಸೇರುವುದು ಎಲ್ಲಿ? ಹಬ್ಬ ಯಾವುದು? ಕಥೆ ಹೇಳುವವರು ಯಾರು? ವಾರ್ಡಿನಲ್ಲೇ ಅವರ ಕಡೆಯಂಥ ಕಾಫಿ ಅಂಗಡಿ ಆಯಿತು, ಮುಸ್ಲಿಂ ಹಬ್ಬಗಳು ಶುರುವಾದವು, ಕಥೆಗಾರ ಬಂದ. ಜನ ಎದ್ದು ಬಂದರು.

ಸೋತದ್ದು ರೋಗಿಯಲ್ಲ, ನಮ್ಮ ವಿಧಾನ ಎಂದು ವೈದ್ಯರೇ ಬರೆದದ್ದು ಅಪರೂಪ. ನಮ್ಮ ರೌಂಡ್ಸ್‌ನಲ್ಲಿ ಇನ್ನೂ ಕೇಳಿಲ್ಲ :)

ಇನ್ನೊಂದು ಕೇಸ್ ನನ್ನನ್ನು ಬಿಡುವುದೇ ಇಲ್ಲ. ಅವರ 1961ರ ಪುಸ್ತಕದ ಕೊನೆಗೆ ಇದೆ. ಒಬ್ಬ ಯುರೋಪಿಯನ್ ಪೊಲೀಸ್ ಇನ್‌ಸ್ಪೆಕ್ಟರ್. ಹಗಲು ಪೂರ್ತಿ ಅಲ್ಜೀರಿಯನ್ನರಿಗೆ ಚಿತ್ರಹಿಂಸೆ ಕೊಡುವ ಕೆಲಸ. ಮನೆಗೆ ಬಂದು ಹೆಂಡತಿಗೆ, ಎಳೆ ಮಕ್ಕಳಿಗೆ ಹೊಡೆಯತೊಡಗಿದ. ಅವನಿಗೇ ಹೆದರಿಕೆಯಾಗಿ ಬಂದ. ಅವನು ಕೇಳಿದ್ದೇನು ಗೊತ್ತಾ? ಕೆಲಸ ಬಿಡುವುದಕ್ಕಲ್ಲ. ಮನಸ್ಸಿಗೆ ಚುಚ್ಚದ ಹಾಗೆ, ನೆಮ್ಮದಿಯಾಗಿ ಆ ಕೆಲಸ ಮುಂದುವರಿಸಲು ಸಹಾಯ ಮಾಡಿ ಅಂತ!

ನೇರಮಾತು ಅವರೇ, ಈಗ ಹೇಳಿ. ರಾಜಕೀಯ ಬೇಡ ಎನ್ನುವ ಥೆರಪಿಸ್ಟ್ ಇವನಿಗೆ ಏನು ಮಾಡಬೇಕು? ಅವನ ಬಾಲ್ಯದ ಸಿಟ್ಟು ಹುಡುಕಿ, ಚೆನ್ನಾಗಿ ನಿದ್ದೆ ಬರುವ ಹಾಗೆ ಮಾಡಿ ಕಳಿಸಬೇಕಾ? ಫನಾನ್ 1956ರಲ್ಲಿ ರಾಜೀನಾಮೆ ಬರೆದರು. ಮನುಷ್ಯ ತನ್ನ ಪರಿಸರದಲ್ಲಿ ಪರಕೀಯ ಆಗದಂತೆ ನೋಡಿಕೊಳ್ಳುವುದು ಸೈಕಿಯಾಟ್ರಿಯ ಕೆಲಸವಾದರೆ, ತನ್ನ ನೆಲದಲ್ಲೇ ಪರಕೀಯನಾದ ಅರಬನಿಗೆ ನಾನಿಲ್ಲಿ ಏನು ಮಾಡಲಿ ಎಂಬ ಅರ್ಥದ ಕಾಗದ ಅದು.

ನೇರಮಾತು

ಇನ್‌ಸ್ಪೆಕ್ಟರ್ ಕೇಸಿಗೆ ನನ್ನ ಹತ್ತಿರ ಉತ್ತರ ಇಲ್ಲ. ಒಪ್ಪುತ್ತೇನೆ. ಆದರೆ ಎಲ್ಲ ಕೇಸೂ ಹಾಗಿರಲ್ಲ. ನನ್ನದು ಬರೀ ನಿದ್ದೆ.

ಕಲ್ಲುಸಕ್ಕರೆ

'ಬರೀ ನಿದ್ದೆ' ಎಂದು ಹೋದ ನನ್ನಂಥವರಿಗೂ ಒಂದು ಕಾಲದಲ್ಲಿ ಏನು ಹೇಳುತ್ತಿದ್ದರು ಎಂದು ಚಿಕ್ಕದಾಗಿ ಹೇಳುತ್ತೇನೆ. ನಾನು ಗೇ.

1935ರಲ್ಲಿ ಒಬ್ಬ ಅಮೆರಿಕನ್ ತಾಯಿಗೆ ಫ್ರಾಯ್ಡ್ ಬರೆದ ಕಾಗದದಲ್ಲಿ ನಿಮ್ಮ ಮಗನದು ನಾಚಿಕೆಪಡುವ ವಿಷಯ ಅಲ್ಲ, ಕಾಯಿಲೆಯೂ ಅಲ್ಲ ಎಂದಿದ್ದಾರೆ. ಅವರ ನಂತರದ ಅಮೆರಿಕನ್ ವಿಶ್ಲೇಷಕರು ಮಾತ್ರ ದಶಕಗಟ್ಟಲೆ ಅದನ್ನು ಕಾಯಿಲೆ ಎಂದೇ ಗುಣಪಡಿಸಲು ಹೋದರು, ಅಮ್ಮಂದಿರನ್ನು ಬೈದರು. ಬದಲಾವಣೆ ಸೋಫಾ ಮೇಲೆ ಮಲಗಿ ಬಂದದ್ದಲ್ಲ. 1970ರಿಂದ ಹೋರಾಟಗಾರರು ಸೈಕಿಯಾಟ್ರಿ ಸಮ್ಮೇಳನಗಳಿಗೇ ನುಗ್ಗಿ ಗಲಾಟೆ ಮಾಡಿದ ಮೇಲೆ 1973ರಲ್ಲಿ ಕಾಯಿಲೆ ಪಟ್ಟಿಯಿಂದ ಹೆಸರು ಹೋಯಿತು. ಅಮೆರಿಕದ ಮನೋವಿಶ್ಲೇಷಕರ ಸಂಘ ಕ್ಷಮೆ ಕೇಳಿದ್ದು 2019ರಲ್ಲಿ. ಸಲಿಂಗ ಸಂಬಂಧ ಅಪರಾಧವಲ್ಲ ಎಂದು ನಮ್ಮ ಸುಪ್ರೀಂ ಕೋರ್ಟು 377ರ ತೀರ್ಪು ಕೊಟ್ಟು ಆಗಲೇ ಒಂಬತ್ತು ತಿಂಗಳಾಗಿತ್ತು!

'ನಾವು ರಾಜಕೀಯ ಮಾಡಲ್ಲ, ವಿಜ್ಞಾನ ಅಷ್ಟೇ' ಎಂದು ಅಷ್ಟೂ ವರ್ಷ ಹೇಳಿಕೊಂಡವರೇ ಅವರು. ಅದಕ್ಕೇ ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ.

ಮೈಸೂರು_ಸೀಮೆ

ಬಂದೆ. ಇಷ್ಟೆಲ್ಲ ಆದಮೇಲೆ ನಮ್ಮ ಪದ್ಧತಿಯ ಪರ ಮಾತಾಡುವುದು ಕಷ್ಟ, ಆದರೂ ಮಾತಾಡುತ್ತೇನೆ :)

ಮೊದಲು ನೇರಮಾತು ಅವರಿಗೆ. ರಾಜಕೀಯವನ್ನು ಗಂಭೀರವಾಗಿ ತೆಗೆದುಕೊಳ್ಳುವುದು ಅಂದರೆ ಥೆರಪಿಸ್ಟ್ ಭಾಷಣ ಮಾಡುವುದಲ್ಲ. ಲಂಡನ್‌ನ ಹ್ಯಾನಾ ಸೀಗಲ್ ಎಂಬ ವಿಶ್ಲೇಷಕಿ ಸೆಷನ್ ಒಳಗೆ ಬಲು ಕಟ್ಟುನಿಟ್ಟು. ಅದೇ ಸೀಗಲ್ 1980ರ ದಶಕದಲ್ಲಿ ಅಣುಬಾಂಬಿನ ವಿರುದ್ಧ ವಿಶ್ಲೇಷಕರ ಸಂಘ ಕಟ್ಟಿದರು. ಸುಮ್ಮನಿರುವುದೇ ಅಪರಾಧ ಎಂದು ಲೇಖನ ಬರೆದರು. ರೋಗಿಯ ಸಮಯದಲ್ಲಿ ಆ ಭಾಷಣ ಮಾಡಬಾರದು ಎಂಬ ಗೆರೆ ಅವರಿಗೆ ಗೊತ್ತಿತ್ತು. ನಿಮ್ಮವರಿಗೆ ಅದು ಗೊತ್ತಿರಲಿಲ್ಲ.

ಈಗ ಬಾಡಿಗೆಮನೆ ಅವರ ಸೆಷನ್‌ಗೆ ಬರೋಣ. ಲಿನ್ ಲೇಟನ್ ಎಂಬ ಅಮೆರಿಕನ್ ವಿಶ್ಲೇಷಕಿ ಬಹಳ ಬರೆದಿರುವ ವಿಷಯ ಇದು. ಸಮಾಜದ ಮೇಲುಕೀಳು ನಮ್ಮ ಸುಪ್ತಮನಸ್ಸಿನಲ್ಲೂ ಮನೆ ಮಾಡಿರುತ್ತದೆ, ಥೆರಪಿಸ್ಟ್ ಮನಸ್ಸಿನಲ್ಲೂ. ಆದ್ದರಿಂದ ಕೆಲವು ಮಾತು ಬಂದ ಕೂಡಲೇ ಇಬ್ಬರೂ ಸೇರಿಯೇ, ಗೊತ್ತಿಲ್ಲದೆ, ಅದನ್ನು ಪಕ್ಕಕ್ಕೆ ಸರಿಸುತ್ತಾರೆ. ಥೆರಪಿಸ್ಟ್‌ಗೆ ಮುಜುಗರ, ಬಂದವರಿಗೆ 'ಇವರಿಗೆ ಯಾಕೆ ಬೇಜಾರು ಮಾಡಲಿ' ಎಂಬ ಭಾವ. ಅಪ್ಪ ಬಂದರೆ ಇಬ್ಬರಿಗೂ ಹಗುರ. ಅಪ್ಪನ ವಿಷಯ ಮಾತಾಡಲು ಇಬ್ಬರಿಗೂ ಬರುತ್ತದೆ.

ನಾನಾಗಿದ್ದರೆ ಮೊದಲು ಮಾಲೀಕನನ್ನು ಬಿಡುತ್ತಿರಲಿಲ್ಲ. ಅವನು ಏನು ಕೇಳಿದ, ಯಾವ ಪ್ರಶ್ನೆಗೆ ಹೊಟ್ಟೆಯಲ್ಲಿ ಏನಾಯಿತು, ಸುಳ್ಳು ಹೇಳಬೇಕು ಅನಿಸಿತಾ, ನಿಜ ಹೇಳಿದ್ದಕ್ಕೆ ನಿಮ್ಮ ಮೇಲೇ ಸಿಟ್ಟು ಬಂತಾ. ನಡೆದದ್ದು ಅನ್ಯಾಯ ಎಂದು ಒಂದು ಮಾತು ಹೇಳುತ್ತಿದ್ದೆ. ಅಷ್ಟು ಹೇಳಿದರೆ ತಟಸ್ಥತೆ ಕೆಡಲ್ಲ, ಮಳೆ ಬರುವಾಗ ಮಳೆ ಬರುತ್ತಿದೆ ಎಂದ ಹಾಗೆ. ಅಪ್ಪ ಆಮೇಲೆ ಬರಲಿ. ಅಪ್ಪನ ಸಿಟ್ಟು ಎಲ್ಲಿಂದ ಬಂತು, ಅವರನ್ನು ಯಾರು ಬಾಗಿಲಲ್ಲಿ ನಿಲ್ಲಿಸಿದ್ದರು ಎಂದೂ ಕೇಳಬೇಕಲ್ಲ? ಅಪ್ಪನ ಹತ್ತಿರ ಹೋಗುವುದು ಜಾತಿಯಿಂದ ದೂರ ಹೋಗುವುದು ಎಂದು ಯಾಕೆ ಅಂದುಕೊಳ್ಳಬೇಕು?

ಕೊನೆಗೆ ಇನ್ನೊಂದು ಪ್ರಶ್ನೆ. ನಮ್ಮ ಪದ್ಧತಿಯ ನಿಜವಾದ ಬಲ ಇರುವುದು ಇಲ್ಲಿ ಎಂದು ನನ್ನ ನಂಬಿಕೆ. ಹೊರಗಿನ ಸಂಬಂಧ ಕೋಣೆಯೊಳಗೆ, ಥೆರಪಿಸ್ಟ್ ಜೊತೆಗೇ ಮರುಕಳಿಸುತ್ತದೆ ಎಂಬುದು ಫ್ರಾಯ್ಡ್ ಕೊಟ್ಟ ದೊಡ್ಡ ಹೊಳಹು, ಟ್ರಾನ್ಸ್‌ಫರೆನ್ಸ್ ಎನ್ನುತ್ತೇವಲ್ಲ. ಹಾಗಾಗಿ ಕೇಳುತ್ತಿದ್ದೆ: 'ನಾನು ಯಾವ ಜಾತಿ ಇರಬಹುದು ಅಂತ ನೀವು ಯೋಚಿಸಿದ್ದೀರಾ?'

ಬಾಡಿಗೆಮನೆ ಅವರೇ, ಉತ್ತರ ಇಲ್ಲಿ ಬರೆಯಬೇಕೆಂದೇನಿಲ್ಲ. ಯೋಚಿಸಿದ್ದೀರಾ?

ಬಾಡಿಗೆಮನೆ

ಮೊದಲ ದಿನವೇ, ಮೇಡಂ. ಗೇಟಿನ ಬೋರ್ಡಿನಲ್ಲಿ ಸರ್‌ನೇಮ್ ಇದೆ. ಮಾತಿನ ಧಾಟಿಯಲ್ಲೂ ಗೊತ್ತಾಗುತ್ತದೆ. ಅವರ ಮುಂದೆ ನಾನು ನಮ್ಮ ಕಡೆಯ ಕನ್ನಡ ಬಿಟ್ಟು ಬೆಂಗಳೂರು ಕನ್ನಡ ಮಾತಾಡುತ್ತೇನೆ. ಅದು ನೀವು ಕೇಳಿದ ಮೇಲೆ ಗಮನಕ್ಕೆ ಬಂತು.

ಇನ್ನೊಂದು ವಿಷಯ ಯಾರಿಗೂ ಹೇಳಿಲ್ಲ. ಕ್ಲಿನಿಕ್ ಅವರ ಮನೆಯ ಕೆಳಗಿನ ರೂಮು. ಹೋದ ಕೂಡಲೇ ನೀರು ಕೊಡುತ್ತಾರೆ, ಪೇಪರ್ ಕಪ್ಪಿನಲ್ಲಿ. ಅವರು ಕುಡಿಯುವುದು ಸ್ಟೀಲ್ ಲೋಟದಲ್ಲಿ. ಎಲ್ಲರಿಗೂ ಪೇಪರ್ ಕಪ್ಪೇ ಇರಬಹುದು. ಖಾಲಿ ಕಪ್ಪುಗಳ ಉದ್ದನೆ ಪ್ಯಾಕೆಟ್ ಶೆಲ್ಫಿನಲ್ಲೇ ಇದೆ. ಆದರೂ ಪ್ರತಿ ಸಲ ಕುಡಿಯುವಾಗ ಅದನ್ನೇ ನೋಡುತ್ತೇನೆ. ಕುಡಿದಾದ ಮೇಲೆ ನಾನೇ ಅದನ್ನು ಮಡಚಿ ಡಸ್ಟ್‌ಬಿನ್‌ಗೆ ಹಾಕಿಬಿಡುತ್ತೇನೆ, ಅವರು ಮುಟ್ಟುವ ಮೊದಲೇ.

ನೇರಮಾತು

ಕೊರೋನಾ ಆದಮೇಲೆ ಎಲ್ಲ ಕಡೆ ಪೇಪರ್ ಕಪ್ಪೇ. ನನ್ನ ಡೆಂಟಿಸ್ಟ್ ಹತ್ತಿರವೂ. ನೀವು ಸುಮ್ನೆ ತಲೆ ಕೆಡಿಸಿಕೊಳ್ಳುತ್ತಿದ್ದೀರಿ ಅನಿಸುತ್ತದೆ.

ಕಲ್ಲುಸಕ್ಕರೆ

ನಿಮಗೆ ಅದು ಬರೀ ಕಪ್ಪು. ಇವತ್ತಿಗೂ ಹೋಟೆಲಿನಲ್ಲಿ ಬೇರೆ ಲೋಟ ಇಡುವ ಊರುಗಳಿವೆ. ಅಂಥ ಕಡೆಯಿಂದ ಬಂದವರಿಗೆ ಕಪ್ಪು ಬರೀ ಕಪ್ಪಾಗಿ ಉಳಿಯುತ್ತದಾ?

ಮೈಸೂರು_ಸೀಮೆ

ನೇರಮಾತು ಅವರೇ, ನೀವು ಹೇಳಿದ್ದು ಸರಿಯೇ ಇರಬಹುದು. ಕಪ್ಪು ಎಲ್ಲರಿಗೂ ಅದೇ ಇರಬಹುದು. ಆದರೆ ಬಾಡಿಗೆಮನೆ ಅವರು ಅದನ್ನು ತಾವೇ ಮಡಚಿ ಎಸೆಯುತ್ತಾರೆ. ಮನಸ್ಸು ಮತ್ತು ಸಮಾಜ ಎಲ್ಲಿ ಬೇರೆಯಾಗುತ್ತವೆ ಎಂದು ಆ ಜಾಗದಲ್ಲಿ ತೋರಿಸಿ ನೋಡೋಣ. 'ಇದು ನಿಮ್ಮ ಕಲ್ಪನೆ' ಎಂದರೆ ಹಳ್ಳಿಯ ಹೋಟೆಲಿನ ಲೋಟ ಸುಳ್ಳಾಗುತ್ತದೆ. 'ಇದು ಜಾತಿಪದ್ಧತಿ' ಎಂದಷ್ಟೇ ಹೇಳಿ ಮುಗಿಸಿದರೆ, ಇವರ ಕೈ ಯಾಕೆ ಅಷ್ಟು ಬೇಗ ಡಸ್ಟ್‌ಬಿನ್ ಕಡೆ ಹೋಗುತ್ತದೆ, ಯಾರನ್ನು ಯಾವುದರಿಂದ ಕಾಪಾಡುತ್ತಿದೆ ಎಂದು ತಿಳಿಯುವುದಿಲ್ಲ. ಆ ಕೈಯ ಪ್ರಶ್ನೆ ಕೇಳಲು ಮನೋವಿಶ್ಲೇಷಣೆಯಷ್ಟು ತಾಳ್ಮೆ ಇರುವ ಪದ್ಧತಿ ನನಗೆ ಬೇರೆ ಕಂಡಿಲ್ಲ. ಹೋಟೆಲಿನ ಲೋಟ ನಿಜ ಎಂದು ಒಪ್ಪಿಕೊಂಡ ಮೇಲೆ ಮಾತ್ರ ಅದು ಕೆಲಸ ಮಾಡುತ್ತದೆ.

ಬಾಡಿಗೆಮನೆ ಅವರೇ, ಸಾಧ್ಯವಾದರೆ ಕಪ್ಪಿನ ವಿಷಯ ಅವರಿಗೇ ಹೇಳಿ. ಅವರು ನೊಂದುಕೊಂಡು ಸಮರ್ಥನೆ ಶುರು ಮಾಡಿದರೆ, ಅಥವಾ 'ನಾನು ಜಾತಿ ನೋಡುವವಳಲ್ಲ' ಎಂದು ಮಾತು ಮುಗಿಸಿದರೆ, ಬೇರೆಯವರನ್ನು ಹುಡುಕಿ. ಕುತೂಹಲದಿಂದ ಕೇಳಿದರೆ ಮುಂದುವರಿಸಿ. ಹೇಳಲೇಬೇಕು ಎಂಬ ಹೊಣೆ ಮಾತ್ರ ನಿಮ್ಮದಲ್ಲ. ಕೇಳಬೇಕಾದವರು ಅವರು.

ಧಾರವಾಡ_ಪೇಡೆ

ಕಾನೂನಿನಲ್ಲಿ ಇರುವುದನ್ನೂ ಹೇಳಿಬಿಡುತ್ತೇನೆ, ಎಷ್ಟೋ ಜನರಿಗೆ ಗೊತ್ತಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಒಬ್ಬರ ರಾಜಕೀಯ, ಆರ್ಥಿಕ, ಸಾಮಾಜಿಕ ಸ್ಥಾನ ನೋಡಿ ಮಾನಸಿಕ ಕಾಯಿಲೆ ಎಂದು ತೀರ್ಮಾನಿಸುವ ಹಾಗಿಲ್ಲ. ಸಮುದಾಯದ ನಡೆನುಡಿ, ನಂಬಿಕೆಗೆ ಹೊಂದಿಕೊಳ್ಳಲಿಲ್ಲ ಎಂಬ ಕಾರಣಕ್ಕೂ ಇಲ್ಲ. 18ನೇ ಸೆಕ್ಷನ್ ಚಿಕಿತ್ಸೆ ಪಡೆಯುವ ಹಕ್ಕಿನದು. ತಾರತಮ್ಯ ಮಾಡಬಾರದು ಎನ್ನುವ ಪಟ್ಟಿಯಲ್ಲಿ ಜಾತಿ, ಲೈಂಗಿಕ ಒಲವು, ರಾಜಕೀಯ ನಂಬಿಕೆ ಎಲ್ಲವೂ ಹೆಸರಿಟ್ಟೇ ಇವೆ. ಪೇಪರ್ ಕಪ್ಪಿಗೆ ಕೇಸ್ ಹಾಕಿ ಎನ್ನುತ್ತಿಲ್ಲ. 'ಇದೆಲ್ಲ ಥೆರಪಿಗೆ ಹೊರಗಿನ ವಿಷಯ' ಎಂದು ಯಾರಾದರೂ ಅಂದರೆ ತೋರಿಸೋಕೆ ಇರಲಿ.

ನೇರಮಾತು

ಸರಿ, ಒಂದು ಪ್ರಾಕ್ಟಿಕಲ್ ಪ್ರಶ್ನೆ. ಹೊಸಬರನ್ನು ಹುಡುಕುವಾಗ ಮೊದಲೇ ತಿಳಿಯುವುದು ಹೇಗೆ? ನನ್ನಂಥವನಿಗೆ ಭಾಷಣ ಬೇಡ, ಇವರಿಗೆ ಮೌನ ಬೇಡ. ಮತ್ತೆ ಫೀಸು. ಒಂದೊಂದು ಸೆಷನ್‌ಗೆ ಸಾವಿರಗಟ್ಟಲೆ ಕೊಟ್ಟು ಟ್ರಯಲ್ ನೋಡೋಕೆ ಆಗಲ್ಲ ಅಲ್ವಾ?

ಮೈಸೂರು_ಸೀಮೆ

ಮೊದಲ ಫೋನಿನಲ್ಲೇ ಕೇಳಿ. 'ಜಾತಿ, ಧರ್ಮ, ರಾಜಕೀಯದ ಮಾತು ಬಂದರೆ ನೀವು ಹೇಗೆ ಕೆಲಸ ಮಾಡುತ್ತೀರಿ?' ಉತ್ತರಕ್ಕಿಂತ ಉತ್ತರಿಸುವ ರೀತಿ ಗಮನಿಸಿ. ತಕ್ಷಣ ತಮ್ಮ ಪಕ್ಷ ಹೇಳಿದರೆ ನಿಮಗೆ ಆಗದವರು. 'ಅದೆಲ್ಲ ಇಲ್ಲಿ ಬರಲ್ಲ' ಎಂದರೆ ಬಾಡಿಗೆಮನೆ ಅವರಿಗೆ ಆಗದವರು. ಸ್ವಲ್ಪ ತಡೆದು, 'ಈ ಪ್ರಶ್ನೆ ಯಾಕೆ ಬಂತು, ಹಿಂದೆ ಏನಾದರೂ ಆಗಿತ್ತಾ?' ಎಂದು ಕೇಳಿದರೆ ಒಂದು ಸೆಷನ್ ಹೋಗಿ ನೋಡಬಹುದು.

ಫೀಸಿನ ವಿಷಯ ಕೇಳಲು ನಾಚಿಕೊಳ್ಳಬೇಡಿ. ವಾರಕ್ಕೆ ಕೆಲವು ಸೆಷನ್ ಕಡಿಮೆ ದುಡ್ಡಿಗೆ ಇಟ್ಟುಕೊಂಡವರು ನಮ್ಮಲ್ಲಿ ಇದ್ದಾರೆ, ಬೋರ್ಡ್ ಹಾಕಿಕೊಂಡಿರುವುದಿಲ್ಲ. ನಾನೂ ಇಟ್ಟಿದ್ದೇನೆ, ಆದರೆ ಸದ್ಯ ಖಾಲಿ ಇಲ್ಲ. ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ಕನ್ನಡದಲ್ಲೇ ಮಾತಾಡಬಹುದು. ಅದು ವರ್ಷಗಟ್ಟಲೆ ನಡೆಯುವ ವಿಶ್ಲೇಷಣೆ ಅಲ್ಲ, ಆದರೆ ರಾತ್ರಿ ಎರಡು ಗಂಟೆಗೆ ನಿದ್ದೆ ಬಾರದವರಿಗೆ ಆಗುತ್ತದೆ. ನಿಮ್ಹಾನ್ಸ್ ಓಪಿಡಿಯೂ ಇದೆ, ಬೆಳಿಗ್ಗೆ ಬೇಗ ಹೋಗಬೇಕು.

ಬಾಡಿಗೆಮನೆ

ಎ‌ಲ್ಲರಿಗೂ ಥ್ಯಾಂಕ್ಸ್. ಹಳೇಪೇಪರ್ ಸರ್, ಬೋಸ್ ಬಗ್ಗೆ ಬೇರೆ ಥ್ರೆಡ್ ಹಾಕಿ, ಓದುವವರು ಇದ್ದೇವೆ. ಗುರುವಾರ ಸೆಷನ್ ಇದೆ. ಈ ಸಲ ನಮ್ಮ ಕನ್ನಡದಲ್ಲೇ ಶುರು ಮಾಡ್ತೀನಿ, ಕಪ್ಪಿನ ಮಾತು ಆಮೇಲೆ ನೋಡೋಣ. ಮತ್ತೆ ಯಾರಿಗಾದರೂ ಹೆಬ್ಬಾಳದ ಕಡೆ ಒಂದು ಬೆಡ್‌ರೂಮಿನ ಮನೆ ಗೊತ್ತಿದ್ದರೆ ಮೆಸೇಜ್ ಮಾಡಿ, ಇನ್ನೂ ಸಿಕ್ಕಿಲ್ಲ.